ಬಲಗಿವಿಯ ಎರಡು ಕಚ್ಚು

ಮೊಂಡಿ ಸತ್ತುಬಿದ್ದಿದ್ದಳು.

ಕಕ್ಕೆಗುಡ್ಡದ ಬುಡ. ಲಂಟಾನ ಪೊದೆಯ ಮಗ್ಗುಲು. ಸೋಮವಾರ ಬೆಳಿಗ್ಗೆ ಏಳೂವರೆ. ದೂರದಿಂದ ನೋಡಿದಾಗ ಮಲಗಿದ್ದಾಳೆ ಅಂದುಕೊಂಡಳು ಬ್ರಾಹ್ಮಿ. ತೋಳ ಹಾಗೆ ಬಟ್ಟಬಯಲಲ್ಲಿ ನಾಲ್ಕೂ ಕಾಲು ಚಾಚಿ ಮಲಗುವುದಿಲ್ಲ. ಆರು ವರ್ಷದಿಂದ ತೋಳಗಳನ್ನೇ ಅಧ್ಯಯನ ಮಾಡುತ್ತಿರುವವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಮನಸ್ಸು ಒಪ್ಪಬೇಕಲ್ಲ!

ಹತ್ತಿರ ಹೋದಳು. ಬಾಯಲ್ಲಿ ನೊರೆ. ಕಣ್ಣು ತೆರೆದೇ ಇತ್ತು. ಮೂರು ಮಾರು ಆಚೆ ಅರ್ಧ ತಿಂದ ಒಂದು ಕುರಿ. ಕುರಿಯ ಪಕ್ಕ ಎರಡು ಕಾಗೆ, ಅವೂ ಸತ್ತಿದ್ದವು.

ವಿಷ.

ಬ್ರಾಹ್ಮಿ ಏನನ್ನೂ ಮುಟ್ಟಲಿಲ್ಲ. ಮೊದಲು ಫೋಟೊ ತೆಗೆದಳು, ಇಪ್ಪತ್ತೆಂಟು ಫೋಟೊ. ಆಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಆಮೇಲೆ ಒಂದು ಕಲ್ಲಿನ ಮೇಲೆ ಕೂತು ಅತ್ತಳು. ಕೆಲಸಕ್ಕೆ ಒಂದು ಕ್ರಮ ಅಂತ ಇರುತ್ತದೆ, ಅದನ್ನು ಅವಳು ಅಳುವಿಗಾಗಿಯೂ ತಪ್ಪಿಸುವವಳಲ್ಲ.

ಅವಳ ದಾಖಲೆಯಲ್ಲಿ ಈ ಹೆಣ್ಣು ತೋಳದ ಹೆಸರು ‘ಕೆ-೩’. ಬಾಲ ಮೊಂಡಾಗಿತ್ತು ಅಂತ ಕುರಿ ಕಾಯುವವರು ಇಟ್ಟ ಹೆಸರು ಮೊಂಡಿ. ಗುಡ್ಡದ ಮೇಲಿನ ಗವಿಯಲ್ಲಿ ಅವಳ ನಾಲ್ಕು ಮರಿಗಳಿದ್ದವು. ಹುಟ್ಟಿ ಎರಡು ತಿಂಗಳಾಗಿತ್ತಷ್ಟೆ.

ಬ್ರಾಹ್ಮಿ ಬಸ್ತಿಹಳ್ಳಿಯ ಜೈನರ ಮನೆಯ ಮಗಳು. ಅಪ್ಪ ಜಯಕುಮಾರನಿಗೆ ಹಳೇಬೀಡಿನಲ್ಲಿ ಬಟ್ಟೆ ಅಂಗಡಿ. ನೀರನ್ನೂ ಸೋಸಿ ಕುಡಿಯುವ, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನೆ. ಅಂಥ ಮನೆಯ ಹುಡುಗಿ ಹೋಗಿ ಹೋಗಿ ಕುರಿ ತಿನ್ನುವ ಪ್ರಾಣಿಯ ಹಿಂದೆ ಬಿದ್ದಳಲ್ಲ ಎಂದು ನೆಂಟರಿಷ್ಟರು ಮದುವೆ ಮನೆಗಳಲ್ಲಿ ಆಡಿಕೊಂಡು ನಗುತ್ತಾರೆ. ನಗಲಿ ಬಿಡಿ. ಜಾವಗಲ್ ಆಚೆಯ ಈ ಕುರುಚಲು ಗುಡ್ಡದಲ್ಲಿ ಒಂಬತ್ತು ತೋಳಗಳು ಜನರ ನಡುವೆಯೇ ಸಂಸಾರ ಹೂಡಿವೆ ಎಂದು ಮೊದಲು ಬರೆದು ತೋರಿಸಿದವಳು ಅವಳೇ.

ಒಂಬತ್ತು ಗಂಟೆಗೆ ಇಲಾಖೆಯ ಜೀಪು ಬಂತು. ಅರಸೀಕೆರೆಯ ಉಪವಲಯ ಅರಣ್ಯಾಧಿಕಾರಿ ಅರುಣಾ ಇಳಿದಳು. ನಲವತ್ತರ ಹೆಂಗಸು, ದೊಡ್ಡ ಗಂಟಲು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. ಕೈಗವಸು ಹಾಕಿಕೊಂಡು ಕುರಿಯ ತಲೆ ಎತ್ತಿ ನೋಡಿದಳು. ಗಾರ್ಡ್‌ಗೆ ಮಹಜರು ಹೇಳಿ ಬರೆಸಿದಳು.

“ಹೆಣ್ಣು ಕುರಿ ಒಂದು. ಕಪ್ಪು ಮುಖ. ಎಡಗಿವಿ ಹರಿದಿದೆ, ನಾಯಿನೋ ನರಿನೋ ಎಳೆದಿರಬೇಕು. ಬಲಗಿವಿಯ ಅಂಚಲ್ಲಿ ಎರಡು ಕಚ್ಚು. ಬರ್ಕೊಂಡ್ಯೇನಪ್ಪ?”

ಗಾರ್ಡ್ ಬರೆಯುವುದನ್ನು ನಿಲ್ಲಿಸಿದ.

“ಯಾಕೆ?”

“ಎರಡು ಕಚ್ಚು ಅಂದ್ರೆ ಮೇಡಂ... ಅದು ಭೀಮರಾಜನ ಗುರುತು.”

ಈ ಕಡೆ ಕುರಿ ಸಾಕುವ ಒಂದೊಂದು ಮನೆಗೂ ಒಂದೊಂದು ಗುರುತಿದೆ. ಮರಿಗೆ ವಾರ ತುಂಬುವಷ್ಟರಲ್ಲಿ ಕತ್ತರಿಯಿಂದ ಕಿವಿಯ ಅಂಚು ಕತ್ತರಿಸಿ ಗುರುತು ಮಾಡುತ್ತಾರೆ. ಮಂದೆಗಳು ಬೆರೆತರೂ ಯಾರ ಕುರಿ ಯಾರದ್ದೆಂದು ಜಗಳವಿಲ್ಲದೆ ಬೇರೆಯಾಗುತ್ತವೆ. ಭೀಮರಾಜನ ಮನೆಯದು ಎರಡು ಕಚ್ಚು.

ಆರು ವರ್ಷದ ಹಿಂದೆ ಅವಳಿಗೆ ಮೊದಲ ಗವಿ ತೋರಿಸಿದವನು ಇದೇ ಭೀಮರಾಜ್.

* * *

ಅರಣ್ಯ ಕಚೇರಿ. ಮಧ್ಯಾಹ್ನ ಎರಡು ಗಂಟೆ.

ಭೀಮರಾಜ್ ಬಾಗಿಲ ಬಳಿ ನಿಂತಿದ್ದ. ಹೆಗಲ ಮೇಲೆ ಕಂಬಳಿ. ಕೂತ್ಕೋ ಅಂದರೂ ಕೂರಲಿಲ್ಲ. ಬ್ರಾಹ್ಮಿ ಮೂಲೆಯ ಕುರ್ಚಿಯಲ್ಲಿದ್ದಳು.

ಅರುಣಾ ಮೊಬೈಲ್ ಚಾಚಿದಳು. ಪರದೆಯ ತುಂಬ ಒಂದು ಕಿವಿ, ಎರಡು ಕಚ್ಚು. ಬೇರೇನೂ ಕಾಣುತ್ತಿರಲಿಲ್ಲ.

“ಇದು ಯಾರ ಗುರುತು?”

“ನಂದೇ ಮೇಡಂ.”

“ಸರಿಯಾಗಿ ನೋಡಿ ಹೇಳು.”

“ನೋಡ್ದೆ. ನಂದೇ. ನಮ್ಮಪ್ಪಂದು, ಅವರಪ್ಪಂದು.”

“ಕಳೆದ ತಿಂಗಳು ತೋಳ ನಿನ್ನ ಎರಡು ಮರಿ ಹೊತ್ಕೊಂಡು ಹೋಯ್ತಂತೆ?”

“ಹೋಯ್ತು.”

“ಕೋಪ ಬರಲಿಲ್ವ?”

“ಬಂತು. ಬಾಯಿಗೆ ಬಂದಂಗೆ ಬೈದೆ. ಬೈಯೋದು ಬ್ಯಾರೆ, ವಿಷ ಇಕ್ಕೋದು ಬ್ಯಾರೆ.”

ಆ ಎರಡು ಮರಿಗಳ ವಿಷಯ ಇಲಾಖೆಗೆ ತಿಳಿದದ್ದು ಬ್ರಾಹ್ಮಿಯ ವರದಿಯಿಂದ. ಅವಳೇ ಬರೆದು, ದಿನಾಂಕ ಹಾಕಿ, ನಕ್ಷೆ ಬೇರೆ ಅಂಟಿಸಿ ಕಳಿಸಿದ್ದಳು. ಈಗ ಅದೇ ವರದಿ ಅರುಣಾಳ ಮೇಜಿನ ಮೇಲೆ, ಭೀಮರಾಜನ ಕಡೆ ಬೆರಳು ತೋರಿಸುತ್ತ ಕೂತಿತ್ತು.

“ನಿನ್ನ ಮಂದೇಲಿ ಎಷ್ಟು ಕುರಿ ಇವೆ?”

ಭೀಮರಾಜ್ ನೆಲ ನೋಡಿದ. “ನಾವು ಎಣಿಸಾಕಿಲ್ಲ ಮೇಡಂ. ಎಣಿಸಿದ್ರೆ ಮಂದೆಗೆ ಆಗಿಬರಾಕಿಲ್ಲ.”

“ಹಾಗಾದ್ರೆ ಒಂದು ಕಮ್ಮಿ ಆದ್ರೆ ಹೇಗೆ ಗೊತ್ತಾಗತ್ತೆ?”

“ಮುಖ ನೋಡಿದ್ರೆ ಗೊತ್ತಾಯ್ತದೆ. ಯಾವ್ದೂ ಕಮ್ಮಿ ಆಗಿಲ್ಲ.”

‘ಕುರಿಗಳ ಸಂಖ್ಯೆ ಹೇಳಲು ನಿರಾಕರಿಸಿದ್ದಾನೆ’ ಎಂದು ಅರುಣಾ ಬರೆದುಕೊಂಡಳು. ಅವಳದೇನೂ ತಪ್ಪಿಲ್ಲ. ಕಾಗದದ ಮೇಲೆ ಅದು ಹಾಗೆಯೇ ಕಾಣುತ್ತದೆ.

ಅಷ್ಟರಲ್ಲಿ ಚೇತನ್‌ಕುಮಾರ್ ಒಳಗೆ ಬಂದ, ಜೊತೆಗೊಬ್ಬ ವಕೀಲ. ಕಕ್ಕೆಹಳ್ಳಿ ದಾರಿಯಲ್ಲಿರುವ ಜಲ್ಲಿ ಕ್ರಷರ್‌ನ ಮಾಲೀಕ ಈ ಚೇತನ್‌ಕುಮಾರ್. ಒಂದು ಕಾಲದಲ್ಲಿ ಕಕ್ಕೆಗುಡ್ಡದಲ್ಲಿ ಕಲ್ಲು ಒಡೆಯಲು ಅರ್ಜಿ ಹಾಕಿದ್ದ. ತೋಳಗಳಿವೆ ಎಂದು ತಿಳಿದ ಮೇಲೆ ತಾನಾಗಿಯೇ ಅರ್ಜಿ ಹಿಂತೆಗೆದುಕೊಂಡ. ಪೇಪರಿನಲ್ಲಿ ಅವನ ಫೋಟೊ ಬಂದಿತ್ತು. ಬ್ರಾಹ್ಮಿಯೇ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು.

“ಮೇಡಂ, ಪಾಪದ ಮನುಷ್ಯ. ಹೊಟ್ಟೆಪಾಡಿಗೆ ಏನೋ ಮಾಡ್ಕೊಂಡಿರಬಹುದು,” ಅಂದ. “ಜೈಲಿಗೆ ಹಾಕಬೇಡಿ. ಖರ್ಚೆಲ್ಲ ನಾನು ನೋಡ್ಕೋತೀನಿ.”

“ನಾನೇನೂ ಮಾಡಿಲ್ಲ ಚೇತಣ್ಣ,” ಅಂದ ಭೀಮರಾಜ್.

“ಇರ್ಲಿ ಕಣೋ, ಸುಮ್ನಿರು.”

ಅರುಣಾ ಕಡತ ಮುಚ್ಚಿದಳು. “ಗುರುವಾರ ಗ್ರಾಮಸಭೆ ಇದೆ. ಅಲ್ಲಿವರೆಗೆ ವಿಚಾರಣೆ ನಡೆಯುತ್ತೆ. ಬೇರೆ ಏನೂ ಸಿಗದಿದ್ರೆ ಶುಕ್ರವಾರ ದಸ್ತಗಿರಿ. ಊರು ಬಿಟ್ಟು ಹೋಗಬೇಡ.”

ಆ ಗ್ರಾಮಸಭೆಗಾಗಿ ಬ್ರಾಹ್ಮಿ ಎರಡು ವರ್ಷ ಓಡಾಡಿದ್ದಳು. ಕಕ್ಕೆಗುಡ್ಡವನ್ನು ತೋಳಗಳ ಮೀಸಲು ಎಂದು ಸಾರುವ ಮುನ್ನ ಊರು ಒಪ್ಪಬೇಕಿತ್ತು. ಕುರಿ ಮೇಯಿಸುವುದಕ್ಕೆ ತಡೆಯಿಲ್ಲ, ಕಲ್ಲು ಒಡೆಯುವುದಕ್ಕೆ ಮಾತ್ರ ತಡೆ. ಕುರಿಯವರು ಒಪ್ಪಿದರೆ ಊರು ಒಪ್ಪಿದ ಹಾಗೆ. ಆದರೆ ತಮ್ಮವನನ್ನೇ ಹಿಡಿದು ಒಳಗೆ ಹಾಕುವ ಇಲಾಖೆಗೆ ಯಾವ ಕುರಿಯವನು ಕೈ ಎತ್ತುತ್ತಾನೆ?

ಹೊರಗೆ ಬಂದು ಭೀಮರಾಜನನ್ನು ತಡೆದಳು.

“ಯಾಕಣ್ಣ ನಂದೇ ಅಂದೆ? ಗೊತ್ತಿಲ್ಲ ಅನ್ನಬಹುದಿತ್ತಲ್ಲ.”

ಭೀಮರಾಜ್ ಕಂಬಳಿ ಸರಿಮಾಡಿಕೊಂಡ. “ಗುರುತು ನಂದೇ ಐತಲ್ಲ ಬ್ರಾಹ್ಮಕ್ಕ. ತಪ್ಪಿಸ್ಕೊಳ್ಳಾಕೆ ಅಂತ ಅಪ್ಪನ ಗುರುತನ್ನೇ ನಂದಲ್ಲ ಅಂದ್ರೆ, ಆಮೇಲೆ ನಂದು ಅಂತ ಇರೋದೇನು?”

ಆ ಮನುಷ್ಯನನ್ನು ನೋಡಿ ಅವಳಿಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ಸತ್ಯ ಹೇಳಿ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ಇಂಥವರಿಗೆ ಯಾರು ಹೇಳುವುದು?

“ಗವಿ ಕಡೆ ಯಾರನ್ನೂ ಬಿಡಬ್ಯಾಡ,” ಅಂದ ಅವನು. “ತಾಯಿ ಇಲ್ದೆ ಹೋದ್ರೂ ಮರಿಗಳಿಗೆ ಅಪ್ಪ ಅವ್ನೆ, ಹೋದ ವರ್ಷದ ಮಗಳು ಅವ್ಳೆ. ಅವ್ರು ನೋಡ್ಕೋತಾರೆ. ನಾನೂ ಮಂದೇನ ಆ ಕಡೆ ಹೊಡೆಯಾಕಿಲ್ಲ.”

* * *

ಮಂಗಳವಾರ ಬ್ರಾಹ್ಮಿ ಹೋಗಿದ್ದು ಕರಿಬಸವಯ್ಯನವರ ತೆಂಗಿನ ತೋಟಕ್ಕೆ. ಹೋಗಲು ಕಾರಣವಿತ್ತು. ಎರಡು ತಿಂಗಳ ಹಿಂದೆ ತೋಳ ಅವರ ಕರು ಹಿಡಿದಿತ್ತು. ‘ವಿಷ ಇಟ್ಟು ಸಾಯಿಸ್ತೀನಿ’ ಎಂದು ಅವರು ಸಂತೆಯಲ್ಲಿ ನಿಂತು ಕೂಗಾಡಿದ್ದನ್ನು ಅರ್ಧ ಹೋಬಳಿ ಕೇಳಿತ್ತು.

ಕರಿಬಸವಯ್ಯ ಕಾಯಿ ಸುಲಿಸುತ್ತಿದ್ದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಯಾವಾಗಲೂ ಇರುವ ಬೇಸರ.

“ಕೇಳೋಕೆ ಬಂದಿದೀಯಾ? ಕೇಳು. ಹೂಂ, ಅಂದೆ. ಕೋಪ ಬಂದ್ರೆ ನಾನು ನಮ್ಮ ವಿಶಾಲಮ್ಮಂಗೂ ಸಾಯಿಸ್ತೀನಿ ಅಂತೀನಿ. ಮೂವತ್ತೆಂಟು ವರ್ಷ ಆಯ್ತು, ಗುಂಡುಕಲ್ಲಿನ ಥರ ಇದಾಳೆ.”

“ಕೇಳಿಸ್ತು,” ಎಂದು ಒಳಗಿನಿಂದ ವಿಶಾಲಮ್ಮನ ದನಿ ಬಂತು. ಹಿಂದೆಯೇ ಒಂದು ಲೋಟ ಮಜ್ಜಿಗೆಯೂ ಬಂತು.

ತೋಟದ ಶೆಡ್ಡಿನಲ್ಲಿ ಕೀಟನಾಶಕದ ಡಬ್ಬಗಳಿದ್ದವು. ಬ್ರಾಹ್ಮಿಯ ಕಣ್ಣು ಅತ್ತ ಹೋದದ್ದನ್ನು ಕರಿಬಸವಯ್ಯ ನೋಡಿದರು.

“ಅದು ಈ ಸುತ್ತಿನಲ್ಲಿ ಯಾರ ತೋಟದಲ್ಲಿ ಇಲ್ಲ ಹೇಳು. ನೋಡಮ್ಮಾ, ಭೀಮ ಹದಿನೈದು ವರ್ಷದಿಂದ ನನ್ನ ತೋಟದಲ್ಲಿ ಮಂದೆ ತರುಬ್ತಾನೆ. ಹತ್ತು ದಿನ ಅವನ ಕುರಿ ಇಲ್ಲೇ ಮಲಗ್ತವೆ, ಗೊಬ್ಬರ ನನಗೆ. ಒಂದು ಕುರಿ ಕೆಮ್ಮಿದ್ರೆ ಅವನಿಗೆ ನಿದ್ದೆ ಬರಲ್ಲ. ಅಂಥೋನು ಕುರಿ ಕೊಂದು ವಿಷ ತುಂಬ್ತಾನಾ? ಆ ಫಾರೆಸ್ಟ್ ಮೇಡಂಗೆ ಹೇಳು, ಕರಿಬಸವಯ್ಯ ಹೀಗಂದ ಅಂತ.”

“ಹಾಗಾದ್ರೆ ಯಾರು?”

“ನನ್ನ ಕೇಳಿದ್ರೆ? ನೀನು ಓದಿದೋಳು, ನೀನು ಹುಡುಕು.”

ಬ್ರಾಹ್ಮಿ ಮಜ್ಜಿಗೆ ಕುಡಿದು ಎದ್ದಳು. ಈ ಮನುಷ್ಯ ತೋಳ ಕಂಡರೆ ಕಲ್ಲು ಬೀಸುವವನು ನಿಜ. ಆದರೆ ಭೀಮರಾಜನ ತಲೆಗೆ ಕಟ್ಟುವವನಲ್ಲ. ಹಾಗಂತ ಅನ್ನಿಸಿತಷ್ಟೆ. ಅನ್ನಿಸಿದ್ದನ್ನು ಅರುಣಾ ಕಡತದಲ್ಲಿ ಬರೆದುಕೊಳ್ಳುವುದಿಲ್ಲ.

* * *

ಅಂದು ಸಂಜೆ ಭೀಮರಾಜನ ತಾಯಿ ಹಟ್ಟಿಯ ಮುಂದೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಆಕೆಯ ಹೆಸರು ಚಿಕ್ಕಮ್ಮ. ಹುಟ್ಟಿದಾಗಿನಿಂದ ಅದೇ ಹೆಸರು, ಹಾಗಾಗಿ ಊರಿಗೆಲ್ಲ ಚಿಕ್ಕಮ್ಮ. ಬ್ರಾಹ್ಮಿ ಬಂದದ್ದು ಕ್ಷಮೆ ಕೇಳಲು. ತನ್ನ ವರದಿಯಿಂದಲೇ ಹೀಗಾಯಿತು ಎಂದು ಹೇಳಿಕೊಂಡು ಹಗುರಾಗಲು.

ಚಿಕ್ಕಮ್ಮ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ.

“ಫೋಟೋ ತೋರ್ಸು ಮಗಾ.”

“ಅಜ್ಜಿ, ನೋಡೋಕಾಗಲ್ಲ. ಅರ್ಧ ತಿಂದುಬಿಟ್ಟಿವೆ.”

“ಎಪ್ಪತ್ತು ವರ್ಷದಿಂದ ಕುರಿ ಹೆರಿಗೆ ಮಾಡ್ಸಿವ್ನಿ. ತೋರ್ಸು ಅಂದ್ರೆ ತೋರ್ಸು.”

ಬ್ರಾಹ್ಮಿ ಒಂದೊಂದೇ ಫೋಟೊ ಸರಿಸಿದಳು. ಏಳನೆಯದು ಬಂದಾಗ ಚಿಕ್ಕಮ್ಮ ಅವಳ ಕೈ ಹಿಡಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಸಶಬ್ದವಾಗಿ ಉಗುಳಿದರು.

“ಇದು ನಮ್ಮದಲ್ಲ.”

“ಗುರುತು ನಿಮ್ದೇ ಅಂತ ಭೀಮಣ್ಣನೇ ಒಪ್ಪಿಕೊಂಡ.”

“ಗುರುತು ನಮ್ದು. ಕುರಿ ನಮ್ಮದಲ್ಲ. ಇದು ಹೆಣ್ಣು ಅಲ್ವ?”

“ಹೌದು.”

“ಹೆಣ್ಣಿಗೆ ಯಾವನಾದ್ರೂ ಬಲಗಿವಿ ಕತ್ತರಿಸ್ತಾನಾ? ನಮ್ಮ ಮನೇಲಿ ಗಂಡುಮರಿಗೆ ಬಲಗಿವಿ, ಹೆಣ್ಣುಮರಿಗೆ ಎಡಗಿವಿ. ಕೊಂಬು ಬರೋಕೂ ಮುಂಚೆ ಮರಿ ಕಿವಿ ನೋಡಿದ್ರೆ ಸಾಕು, ಗೊತ್ತಾಗೋಗ್ತದೆ. ನೋಡು ಬಾ ಇಲ್ಲಿ.”

ಕೈ ಹಿಡಿದು ಎಳೆದುಕೊಂಡೇ ಹೋದರು. ಹಟ್ಟಿಯೊಳಗೆ ಒಂದೊಂದು ಕುರಿಯ ತಲೆಯನ್ನೂ ತಿರುಗಿಸಿ ತೋರಿಸಿದರು. ಹೆಣ್ಣು, ಎಡಗಿವಿ. ಹೆಣ್ಣು, ಎಡಗಿವಿ. ಮರಿ ಟಗರು, ಬಲಗಿವಿ. ಒಂದೂ ತಪ್ಪಿರಲಿಲ್ಲ.

ಬ್ರಾಹ್ಮಿ ಕುರಿಗಳ ನಡುವೆ ಮಂಡಿಯೂರಿ ಕೂತುಬಿಟ್ಟಳು. ಆರು ವರ್ಷ ಈ ಹಟ್ಟಿಗೆ ಬಂದಿದ್ದಾಳೆ. ತೋಳದ ಹಿಕ್ಕೆ ನೋಡಿ ನಿನ್ನೆ ಏನು ತಿಂದಿತ್ತು ಅಂತ ಹೇಳಬಲ್ಲಳು. ತೋಳ ತಿನ್ನುವ ಕುರಿಯ ಕಿವಿಯನ್ನು ಮಾತ್ರ ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಭೀಮರಾಜನಿಗಾದರೋ ತೋರಿಸಿದ್ದು ಬರೀ ಕಿವಿ. ಗಂಡೋ ಹೆಣ್ಣೋ ಅವನಿಗೆ ಹೇಗೆ ಗೊತ್ತಾಗಬೇಕು?

“ಅಜ್ಜಿ, ಬಲಗಿವಿಗೇ ಗುರುತು ಅಂತ ಯಾರು ಅಂದ್ಕೋತಾರೆ?”

ಚಿಕ್ಕಮ್ಮ ಸೊಪ್ಪಿನ ಕಡೆ ತಿರುಗಿದರು. “ಬರೀ ಟಗರು ನೋಡಿರೋರು ಅಂದ್ಕೋತಾರೆ. ಹೆಣ್ಣು ಕುರೀನ ನಾವು ಮಾರಾಕಿಲ್ಲ ಕಣವ್ವ, ಅದು ಮಂದೆ ಬೆಳೆಸೋ ಲಕ್ಷ್ಮಿ. ಹಟ್ಟಿ ಬಿಟ್ಟು ಹೋಗೋದು ಟಗರು ಮಾತ್ರ.”

* * *

ಬುಧವಾರ ಬೆಳಿಗ್ಗೆ ಪಶು ಆಸ್ಪತ್ರೆ. ಶವಪರೀಕ್ಷೆ ಮಾಡಿದ್ದ ಡಾಕ್ಟರ ಹೆಸರು ಇಂದು. ಆಕೆ ಶೀತಪೆಟ್ಟಿಗೆಯಿಂದ ಕುರಿಯ ತಲೆಯನ್ನು ಹೊರಗೆ ತೆಗೆದಿಟ್ಟಳು. ಅರುಣಾಳೂ ಬಂದಿದ್ದಳು. ಬ್ರಾಹ್ಮಿಯ ಫೋನಿಗೆ ಅವಳು ಹೇಳಿದ್ದು ಎರಡೇ ಮಾತು: “ಕಿವಿನಾ? ಬಂದೆ.”

“ನಾನು ನೋಡಿದ್ದು ಹೊಟ್ಟೆಯಲ್ಲಿನ ವಿಷ,” ಅಂದಳು ಇಂದು. “ಕಿವಿ ಕಡೆ ಗಮನ ಕೊಡಲಿಲ್ಲ. ತಪ್ಪು ನಂದು.” ಭೂತಗನ್ನಡಿ ಹಿಡಿದಳು. “ಚಿಕ್ಕಂದಿನಲ್ಲಿ ಕತ್ತರಿಸಿದ್ರೆ ಅಂಚು ಮಾಗಿ ಕೂದಲು ಬಂದಿರ್ಬೇಕು. ಇದು ಹಸಿ. ರಕ್ತ ಕೂಡ ಹೆಪ್ಪುಗಟ್ಟಿಲ್ಲ. ಸತ್ತ ಮೇಲೆ ಕತ್ತರಿಸಿದ್ದು.”

“ಎಡಗಿವಿ?” ಬ್ರಾಹ್ಮಿ ಕೇಳಿದಳು.

ಇಂದು ಕುರಿಯ ತಲೆ ತಿರುಗಿಸಿದಳು. ನೋಡಿದಳು. ಇನ್ನೊಮ್ಮೆ ನೋಡಿದಳು.

“ಇದು ನಾಯಿ ಎಳೆದಿದ್ದಲ್ಲ. ಇಲ್ಲಿ ದುಂಡನೆ ತೂತಿನ ಅಂಚು ಉಳಿದಿದೆ. ನಾವು ಲಸಿಕೆ ಹಾಕಿದಾಗ ಚುಚ್ಚೋ ಹಳದಿ ಬಿಲ್ಲೆ ಇರುತ್ತಲ್ಲ, ಅದನ್ನ ಕಿತ್ತಿದಾರೆ.”

“ಬಿಲ್ಲೆ ಸಿಕ್ಕಿದ್ರೆ?” ಅರುಣಾ ಕೇಳಿದಳು.

“ನಂಬರ್ ಇರುತ್ತೆ. ಯಾವ ಊರು, ಯಾರ ಮನೆ, ಎಲ್ಲಾ ಕಂಪ್ಯೂಟರಲ್ಲಿ ಬರುತ್ತೆ.”

ಅರುಣಾ ಬ್ರಾಹ್ಮಿಯ ಕಡೆ ತಿರುಗಿದಳು. “ಭೀಮರಾಜ್ ಹತ್ರ ಈ ವರ್ಷ ಟಗರು ತಗೊಂಡೋರು ಯಾರ‍್ಯಾರು?”

ಬ್ರಾಹ್ಮಿ ಅದನ್ನು ಆಗಲೇ ಕೇಳಿದ್ದಳು. ಅವನು ಹೇಳಿದ್ದು ಎರಡೇ ಹೆಸರು. ಮೊದಲನೆಯದು ಅರಸೀಕೆರೆಯ ಒಂದು ಮಾಂಸದ ಹೋಟೆಲ್. ಎರಡನೆಯದನ್ನು ಕೇಳಿ ಅವಳು, ‘ಇನ್ನೊಂದ್ಸಲ ಹೇಳು’ ಅಂದಿದ್ದಳು.

ಹೋಟೆಲಿಗೆ ತಾನೇ ಹೋದಳು. ಬಸ್ತಿಹಳ್ಳಿಯ ಜಯಕುಮಾರನ ಮಗಳು ಮಾಂಸದ ಹೋಟೆಲಿನ ಅಡುಗೆಮನೆ ಹೊಕ್ಕದ್ದು ಅದೇ ಮೊದಲು. ದುಪಟ್ಟಾ ಮೂಗಿಗೆ ಒತ್ತಿಕೊಂಡು ಕೇಳಿದಳು. ಮಾಲೀಕ ನಕ್ಕ.

“ಕಿವಿ ಗುರುತಾ? ನನಗೇನು ಗೊತ್ತಮ್ಮ! ಕೊಯ್ದು, ತಲೆ ಕಾಲು ತೆಗೆದೇ ನನಗೆ ಕೊಡ್ತಾರೆ. ಭೀಮರಾಜನ ಟಗರಿಗೆ ಕಿವಿ ಇತ್ತು ಅನ್ನೋದೇ ಇವತ್ತು ಗೊತ್ತಾಗಿದ್ದು.”

ಉಳಿದದ್ದು ಒಂದೇ ಹೆಸರು.

ಅರುಣಾಳಿಗೆ ಫೋನ್ ಮಾಡಿದಳು. ಆ ಹೆಸರು ಹೇಳಿದಳು. ಅರುಣಾ ಅಂದಳು: “ನಾಳೆ ನಾನು ಸಭೆಗೆ ತಡವಾಗಿ ಬರ್ತೀನಿ. ಅಲ್ಲಿವರೆಗೆ ಮುಗೀಬಾರದು. ಏನಾದ್ರೂ ಮಾಡಿ ಎಳೀತಾ ಇರಿ.”

* * *

ಗುರುವಾರ, ಹನ್ನೊಂದು ಗಂಟೆ. ಕಕ್ಕೆಹಳ್ಳಿ ಶಾಲೆಯ ಮೈದಾನದಲ್ಲಿ ಶಾಮಿಯಾನ. ಒಂದು ಕಡೆ ಕಂಬಳಿ ಹೊದ್ದ ಕುರಿಯವರು, ಬಿಗಿದ ಮುಖ. ಇನ್ನೊಂದು ಕಡೆ ತೋಟದವರು, ಮುಂದಿನ ಸಾಲಲ್ಲಿ ಕರಿಬಸವಯ್ಯ. ಕೊನೆಯಲ್ಲಿ, ಯಾರ ಪಕ್ಕವೂ ಅಲ್ಲದೆ, ಭೀಮರಾಜ್ ಮತ್ತು ಚಿಕ್ಕಮ್ಮ.

ಚೇತನ್‌ಕುಮಾರ್ ಮೈಕ್ ಹಿಡಿದ. ಚೆನ್ನಾಗಿಯೇ ಮಾತಾಡಿದ.

“ತೋಳ ಉಳೀಬೇಕು ಅಂತ ಮೊದಲು ಅಂದೋನು ನಾನು. ಅರ್ಜಿ ವಾಪಸ್ ತಗೊಂಡೋನು ನಾನು. ಆದ್ರೆ ಇವತ್ತು ಏನಾಯ್ತು? ಒಂದು ತೋಳ ಸತ್ತಿದ್ದಕ್ಕೆ ನಮ್ಮ ಭೀಮರಾಜನ ಕೈಗೆ ಕೋಳ! ನಾಳೆ ನಿಮ್ಮ ಕೈಗೆ. ಈ ಮೀಸಲಿನ ಸಹವಾಸವೇ ಬೇಡ ಅಂತ ನನ್ನ ಅಭಿಪ್ರಾಯ.”

ಕುರಿಯವರಲ್ಲಿ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಬ್ರಾಹ್ಮಿ ಎದ್ದುನಿಂತಳು.

“ಚೇತನ್ ಅವರೇ, ಸತ್ತ ಕುರಿ ಭೀಮಣ್ಣಂದೇ ಅಂತ ನಿಮಗೂ ಅನ್ಸುತ್ತಾ?”

“ಗುರುತೇ ಇದ್ಯಲ್ಲ ಮೇಡಂ. ಪಾಪ, ಅವನೇ ಒಪ್ಕೊಂಡಿದಾನೆ.”

“ಆ ಗುರುತು ನಿಮಗೆ ಗೊತ್ತಾ?”

“ಗೊತ್ತಿಲ್ದೆ ಏನು? ಪ್ರತಿ ವರ್ಷ ಆಯುಧಪೂಜೆಗೆ ಕ್ರಷರ್ ಕೆಲಸದೋರಿಗೆ ಊಟ ಹಾಕಿಸೋದು ಇವನ ಹತ್ರ ಕುರಿ ತಗೊಂಡೇ. ಬಲಗಿವೀಲಿ ಎರಡು ಕಚ್ಚು.”

“ಎಲ್ಲಾ ಕುರಿಗೂ?”

“ಎಲ್ಲಾ ಕುರಿಗೂ.”

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಪಕ್ಕದವನು ನಕ್ಕ. ಆ ನಗು ಕಂಬಳಿಯಿಂದ ಕಂಬಳಿಗೆ ಹಬ್ಬಿತು. ಚೇತನ್‌ಕುಮಾರ್ ತಾನೂ ಸ್ವಲ್ಪ ನಕ್ಕ, ಯಾಕೆಂದು ತಿಳಿಯದೆ.

“ಏನ್ಲಾ, ಎಲ್ಲಾ ಕುರಿಗೂ ಅಂತೆ!” ಅಂದ ಒಬ್ಬ ಮುದುಕ.

“ಕರಿಬಸವಯ್ಯನೋರೇ,” ಬ್ರಾಹ್ಮಿ ತಿರುಗಿದಳು, “ಭೀಮಣ್ಣನ ಗುರುತು ಹೇಗೆ?”

“ಗಂಡಿಗೆ ಬಲ, ಹೆಣ್ಣಿಗೆ ಎಡ,” ಅಂದರು ಕರಿಬಸವಯ್ಯ ಗಡುಸಾಗಿ. “ಹದಿನೈದು ವರ್ಷ ನನ್ನ ತೋಟದಲ್ಲಿ ಮಲಗಿದಾವೆ. ನನಗೆ ಗೊತ್ತಿಲ್ವ?”

ನಗು ನಿಂತಿತು. ಈಗ ಎಲ್ಲರೂ ಮುಂದೆ ಬಾಗಿ ಕೇಳುತ್ತಿದ್ದರು.

“ಸತ್ತ ಕುರಿ ಹೆಣ್ಣು,” ಅಂದಳು ಬ್ರಾಹ್ಮಿ. “ಕಚ್ಚು ಇದ್ದದ್ದು ಬಲಗಿವೀಲಿ. ಅದೂ ಸತ್ತ ಮೇಲೆ ಕತ್ತರಿಸಿದ್ದು, ಡಾಕ್ಟರ್ ಬರೆದುಕೊಟ್ಟಿದಾರೆ. ಭೀಮಣ್ಣ ಅಷ್ಟು ದೊಡ್ಡ ತಪ್ಪು ಮಾಡಲ್ಲ. ಈ ಊರಿನ ಯಾವ ಕುರಿಯವರೂ ಮಾಡಲ್ಲ. ಕರಿಬಸವಯ್ಯನೋರೂ ಮಾಡಲ್ಲ, ಅವರು ಪೂರ್ತಿ ಮಂದೆ ನೋಡಿದಾರೆ. ಮಾಡೋದು ಭೀಮಣ್ಣನ ಟಗರನ್ನ ಮಾತ್ರ ನೋಡಿರೋರು. ಜೀವಂತ ಟಗರು ಕೊಂಡವರು. ಅಂಥವರು ಈ ಸುತ್ತಿನಲ್ಲಿ ಒಬ್ಬರೇ ಇದಾರೆ.”

“ಏನ್ರೀ ಇದು, ಕಿವಿ ನೋಡಿ ಕೊಲೆಗಾರನ್ನ ಹಿಡೀತೀರಾ?” ಚೇತನ್‌ಕುಮಾರ್ ದನಿ ಏರಿಸಿದ. “ನಾನ್ಯಾಕೆ ಮಾಡ್ಲಿ? ಅರ್ಜಿನೇ ಹಿಂದಕ್ಕೆ ತಗೊಂಡಿದೀನಿ!”

“ತಗೊಂಡು, ಮುಂದಿನ ತಿಂಗಳೇ ಬಾಮೈದನ ಹೆಸರಲ್ಲಿ ಹಾಕ್ಸಿದೀರಿ.”

ಆ ದನಿ ಶಾಮಿಯಾನದ ಹಿಂದಿನಿಂದ ಬಂತು. ದೊಡ್ಡ ಗಂಟಲು. ಅರುಣಾ ನಡೆದು ಬಂದಳು. ಅವಳ ಕೈಯಲ್ಲಿ ಒಂದು ಪಾರದರ್ಶಕ ಕವರ್, ಅದರೊಳಗೆ ಒಂದು ಹಳದಿ ಬಿಲ್ಲೆ.

“ಕ್ರಷರ್ ಶೆಡ್ಡಲ್ಲಿ, ಹಳೇ ಟೈರಿನ ಒಳಗೆ ಸಿಕ್ತು. ಪಕ್ಕದಲ್ಲೇ ಅರ್ಧ ಖಾಲಿ ವಿಷದ ಪೊಟ್ಟಣ. ಬಿಲ್ಲೆ ನಂಬರ್ ಗೆಂಡೆಹಳ್ಳಿಯ ಒಬ್ಬ ಹೆಣ್ಣುಮಗಳ ಕುರೀದು. ಗೊಡ್ಡಾಯ್ತು ಅಂತ ಹೋದ ಶನಿವಾರ ನಿಮ್ಮ ಡ್ರೈವರ್‌ಗೆ ಕೊಟ್ಟಿದಾಳೆ. ಡ್ರೈವರ್ ಜೀಪಲ್ಲಿ ಕೂತಿದಾನೆ, ಎಲ್ಲಾ ಹೇಳಿದಾನೆ. ಬನ್ನಿ.”

ಲೆಕ್ಕ ಸರಳವಾಗಿತ್ತು. ಬರೀ ತೋಳ ಸತ್ತರೆ ಚೇತನ್‌ಕುಮಾರನಿಗೆ ಉಪಯೋಗವಿರಲಿಲ್ಲ, ಗುಡ್ಡದಲ್ಲಿ ಇನ್ನೂ ಎಂಟು ಇದ್ದವು. ತೋಳ ಸತ್ತು ಕುರಿಯವನು ಸಿಕ್ಕಿಬೀಳಬೇಕಿತ್ತು. ಆಗ ಕುರಿಯವರು ಇಲಾಖೆಯ ಮೇಲೆ ತಿರುಗಿಬೀಳುತ್ತಾರೆ, ಮೀಸಲು ಬೇಡ ಅನ್ನುತ್ತಾರೆ, ಗುಡ್ಡ ಕಲ್ಲಿಗೆ ಸಿಗುತ್ತದೆ. ಅಪವಾದ ಹೊರಿಸಿ ವಕೀಲನನ್ನೂ ತಾನೇ ಕರೆತಂದರೆ ಯಾರು ಅನುಮಾನಿಸುತ್ತಾರೆ? ಎಲ್ಲ ಯೋಚಿಸಿದ್ದ. ಹೆಣ್ಣು ಕುರಿಯ ಕಿವಿ ನೋಡಿರಲಿಲ್ಲ, ಅಷ್ಟೆ.

ಚೇತನ್‌ಕುಮಾರ್ ಮೈಕನ್ನು ಮೇಜಿನ ಮೇಲಿಟ್ಟ. ಯಾರ ಮುಖವನ್ನೂ ನೋಡದೆ ಜೀಪಿನ ಕಡೆ ನಡೆದ. ಕುರಿಯವರು ದಾರಿ ಬಿಟ್ಟರು. ಒಬ್ಬರೂ ಕೈ ಮಾಡಲಿಲ್ಲ, ಒಬ್ಬರೂ ಬೈಯಲಿಲ್ಲ.

ಅರುಣಾ ಭೀಮರಾಜನ ಮುಂದೆ ಬಂದು ಟೋಪಿ ತೆಗೆದಳು. “ತಪ್ಪಾಯ್ತು ಭೀಮರಾಜ್. ಎಲ್ಲರ ಎದುರಿಗೇ ಹೇಳ್ತಿದೀನಿ.”

ಭೀಮರಾಜ್ ತಾಯಿಯ ಕಡೆ ನೋಡಿದ. ಚಿಕ್ಕಮ್ಮನೇ ಹೇಳಿದರು. “ಆಯ್ತು ಬಿಡವ್ವ. ಬಿಸಿಲಾಗೆ ಟೋಪಿ ಹಾಕ್ಕೋ.”

* * *

ಸಭೆ ಅಲ್ಲಿಗೇ ಮುಗಿದಂತೆ ಕಂಡಿತು. ಆದರೆ ಪಂಚಾಯಿತಿ ಕಾರ್ಯದರ್ಶಿ ಪುಸ್ತಕ ತೆರೆದುಕೊಂಡೇ ಇದ್ದ. ಮೀಸಲಿನ ವಿಷಯ ಇನ್ನೂ ಬಾಕಿಯಿತ್ತು.

ಬ್ರಾಹ್ಮಿ ತನ್ನ ಮೊಬೈಲನ್ನು ಭೀಮರಾಜನ ಕೈಗೆ ಕೊಟ್ಟಳು. ಬೆಳಿಗ್ಗೆ ಗವಿಯ ಬಳಿಯ ಕ್ಯಾಮೆರಾದಲ್ಲಿ ಸಿಕ್ಕಿದ ಚಿತ್ರ. ದೊಡ್ಡ ಗಂಡು ತೋಳ, ಅದರ ಹಿಂದೆ ಹೋದ ವರ್ಷದ ಮಗಳು, ಬಾಯಲ್ಲಿ ಒಂದು ಮೊಲ. ಮುಂದೆ ಮರಿಗಳು, ನಾಲ್ಕಕ್ಕೆ ನಾಲ್ಕೂ. ಭೀಮರಾಜ್ ನೋಡಿ ಪಕ್ಕದವನಿಗೆ ಕೊಟ್ಟ. ಮೊಬೈಲ್ ಸಾಲು ಸಾಲಾಗಿ ದಾಟುತ್ತ ಹೋಯಿತು. ತೋಟದವರ ಕಡೆಗೂ ಹೋಯಿತು. ಕರಿಬಸವಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಒಪ್ಪಿಗೆ ಇರೋರು ಕೈ ಎತ್ತಿ,” ಅಂದ ಕಾರ್ಯದರ್ಶಿ.

ಯಾರೂ ಎತ್ತಲಿಲ್ಲ. ಕುರಿಯವರೆಲ್ಲ ಭೀಮರಾಜನ ಮುಖ ನೋಡುತ್ತಿದ್ದರು. ಮೂರು ದಿನ ಅಪರಾಧಿಯ ಹಾಗೆ ಓಡಾಡಿದವನು ಅವನು. ಬೇಡ ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗೇ ಇತ್ತು.

ಭೀಮರಾಜ್ ಎದ್ದುನಿಂತ.

“ಒಂದು ಮಾತೈತೆ. ನಮ್ಮಪ್ಪನ ಕಾಲದಾಗೂ ತೋಳ ಮರಿ ತಗೊಂಡೋಗ್ತಿತ್ತು, ಈಗ್ಲೂ ತಗೊಂಡೋಗ್ತದೆ. ಆದ್ರೂ ಈ ಜಿಲ್ಲೇಲಿ ಬ್ಯಾರೆಲ್ಲೂ ಇಲ್ದೇ ಇರೋದು ಇಲ್ಲಿ ಉಳ್ಕೊಂಡೈತೆ. ಯಾಕೆ ಉಳ್ಕೊಂತು? ನಾವು ಉಳಿಸಿದ್ದಕ್ಕೆ ಉಳ್ಕೊಂತು. ಬೋರ್ಡು ಬರೋಕೂ ಮುಂಚೆ, ಇಲಾಖೆ ಬರೋಕೂ ಮುಂಚೆ. ಅದಕ್ಕೇ ನಂದೊಂದು ಷರತ್ತು. ಗುಡ್ಡ ಕಾಯಾಕೆ ಹೊರಗಿನೋರನ್ನ ತರಬ್ಯಾಡಿ. ಕುರೀನೂ ನಾವೇ ಕಾಯ್ತೀವಿ, ತೋಳಾನೂ ನಾವೇ ಕಾಯ್ತೀವಿ.”

ಅರುಣಾ ತಲೆಯಾಡಿಸಿದಳು. “ಬರ್ಕೊಳ್ರೀ,” ಅಂದಳು ಕಾರ್ಯದರ್ಶಿಗೆ.

ಭೀಮರಾಜ್ ಕೈ ಎತ್ತಿದ. ಅವನ ಹಿಂದೆ ಕಂಬಳಿಗಳು ಸರಿದು ಕೈಗಳು ಮೇಲೆದ್ದವು, ಒಂದಾದ ಮೇಲೊಂದು, ಆಮೇಲೆ ಒಟ್ಟಿಗೆ. ಕರಿಬಸವಯ್ಯ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು ತಾವೂ ಎತ್ತಿದರು.

“ತೋಳದ ಮೇಲಿನ ಪ್ರೀತಿಗಲ್ಲ,” ಅಂದರು ಯಾರೂ ಕೇಳದಿದ್ದರೂ. “ಭೀಮನ ಮುಖ ನೋಡಿ.”

ಕಾರ್ಯದರ್ಶಿ ಎಣಿಸುತ್ತ ಬಂದ. ಬ್ರಾಹ್ಮಿಯ ಹತ್ತಿರ ಬಂದು ನಿಂತ. ಅವಳ ಕೈಯೂ ಮೇಲಿತ್ತು, ಕೆನ್ನೆ ಒದ್ದೆಯಾಗಿತ್ತು.

“ಏನಮ್ಮಾ, ನೀನ್ಯಾಕೆ ಕೈ ಎತ್ತಿದೀಯ?” ಕರಿಬಸವಯ್ಯ ಗದರಿದರು. “ನೀನು ಬಸ್ತಿಹಳ್ಳಿಯೋಳು. ಈ ಊರಲ್ಲಿ ನಿನ್ನ ವೋಟೇ ಇಲ್ಲ.”

“ಇರ್ಲಿ ಬರ್ಕೊಳ್ಲಾ,” ಅಂದರು ಚಿಕ್ಕಮ್ಮ ಕಾರ್ಯದರ್ಶಿಗೆ. “ಅವ್ಳು ನಮ್ಮೋಳೇಯ.”

ಇಡೀ ಮೈದಾನ ನಕ್ಕಿತು. ಬ್ರಾಹ್ಮಿಯೂ ನಕ್ಕಳು. ಕೈ ಮಾತ್ರ ಕೆಳಗಿಳಿಸಲಿಲ್ಲ.